ಉರಿಯದ ಕೆನ್ನೆ

"ಬುದ್ಧಿ, ನನ್ನ ಮಾತಿನಿಂದ ಇವತ್ತಿನವರೆಗೆ ಒಬ್ಬರೂ ನೊಂದಿಲ್ಲ. ಹೀಗಿರುವಾಗ ತಿದ್ದುವ ಕೆಲಸಾನ ನನಗೇ ಯಾಕೆ ಒಪ್ಪಿಸಬಾರದು?" ಎಂದು ಮರಿದೇವ ಗುರುಗಳನ್ನು ಕೇಳಿದ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹಿರಿಯ ಶಿಷ್ಯನೊಬ್ಬ ಎದ್ದು ನಿಂತು, ಆ ದಿನ ಯಾರು ಎಲ್ಲಿ ತಪ್ಪಿದರು ಎಂಬುದನ್ನು ಎಲ್ಲರ ಮುಂದೆ ಹೇಳಬೇಕು. ಹೇಳಿಸಿಕೊಂಡವನು ಒಪ್ಪಬಹುದು, ಎದುರಾಡಬಹುದು, ಎದ್ದು ಹೋಗಲೂಬಹುದು. ಆ ಕೆಲಸ ಮಾಡುತ್ತಿದ್ದ ಹಿರಿಯ ತೀರಿಕೊಂಡ ಮೇಲೆ ಜಾಗ ಖಾಲಿ ಉಳಿದಿತ್ತು. ಯಾರೂ ಹೇಳದೆಯೇ ಮರಿದೇವ ಆ ಜಾಗದಲ್ಲಿ ನಿಲ್ಲತೊಡಗಿದ್ದ. ಅವನ ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು.

"ನೊಂದಿಲ್ಲ ಅಂತ ಹೇಗೆ ಗೊತ್ತಾಯಿತು?" ಎಂದರು ಗುರುಗಳು.

"ನೊಂದಿದ್ದರೆ ಹೇಳ್ತಿದ್ದರಲ್ಲ ಬುದ್ಧಿ. ತೋಟಪ್ಪನನ್ನೇ ನೋಡಿ. ಪ್ರಾರ್ಥನೆಯಲ್ಲಿ ನೀನು ಸುರಿಸೋ ಕಣ್ಣೀರು ದೇವರಿಗಲ್ಲ, ನೋಡೋರಿಗೆ ಅಂತ ಮುಖದ ಮೇಲೇ ಹೇಳಿದೆ. ಏನೂ ಅನ್ನಲಿಲ್ಲ. ತಲೆ ಬಗ್ಗಿಸಿಕೊಂಡು ಕೂತಿದ್ದ. ಅವತ್ತಿನಿಂದ ಮೌನ ಹಿಡಿದಿದ್ದಾನೆ. ಮಾತು ನಾಟಿದೆ."

ತೋಟಪ್ಪ ಮಠಕ್ಕೆ ಬಂದದ್ದು ನಡುವಯಸ್ಸಿನಲ್ಲಿ. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಒಂದೇ ಜ್ವರ ತೆಗೆದುಕೊಂಡು ಹೋಗಿತ್ತು. ಬಂದ ಹೊಸತರಲ್ಲಿ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಕಸ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ, ಕರೆದರೆ ಬರುತ್ತಿದ್ದ. ಈಚೆಗೆ ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಮರಿದೇವ ಆ ಮಾತು ಹೇಳಿದ ಮೇಲೆ ಅವನು ತನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಊಟದ ಪಂಕ್ತಿಯಲ್ಲಿ ಅವನಿಗೆ ಹಾಕಿದ ಎಲೆಯನ್ನು ಹಾಗೇ ಎತ್ತುತ್ತಿದ್ದರು.

ಗುರುಗಳು ಆ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮರಿದೇವನಿಗೆ ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಸಾಣೆಗಾರ ಇದ್ದ. ಅವನ ತಂದೆಯೂ ಸಾಣೆಗಾರ. ಮನೆಯ ಮುಂದಿನ ಜಗಲಿಯ ಮೇಲೆ ಕಾಲಿನಿಂದ ತುಳಿದು ತಿರುಗಿಸುವ ಚಕ್ರ. ಪೇಟೆಯ ಕುಡುಗೋಲು, ಕತ್ತರಿ, ಈಳಿಗೆಮಣೆ, ಕ್ಷೌರದ ಕತ್ತಿ ಎಲ್ಲವೂ ಆ ಚಕ್ರದ ಮುಂದೆ ತಲೆ ಬಾಗಿಸಿಯೇ ಹೋಗಬೇಕು. ತಂದೆ ಮಗನಿಗೆ ಕಸುಬು ಕಲಿಸಿದ್ದು ಹೊಡೆತದಿಂದಲ್ಲ, ಮಾತಿನಿಂದಲೂ ಅಲ್ಲ. ನೋಡು ಎನ್ನುತ್ತಿದ್ದ, ಅಷ್ಟೇ.

ಒಂದು ಮಾತನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಿದ್ದ. ಕುಡುಗೋಲು ಹರಿತವಾಯಿತೋ ಎಂದು ಹುಲ್ಲನ್ನು ಕೇಳು. ಕತ್ತರಿ ಹರಿತವಾಯಿತೋ ಎಂದು ಬಟ್ಟೆಯನ್ನು ಕೇಳು. ಕ್ಷೌರದ ಕತ್ತಿಯ ವಿಷಯವನ್ನು ಮುಖವನ್ನಷ್ಟೇ ಕೇಳು. ಉರಿದರೆ ಕತ್ತಿ ಮೊಂಡು. ಉರಿಯದಿದ್ದರೆ ಸಾಣೆ ಗೆದ್ದಿತು.

ಇದು ಬರೀ ಮಾತಲ್ಲ. ಸಾಣೆ ಹಿಡಿದ ಕ್ಷೌರದ ಕತ್ತಿಯನ್ನು ಕೊಟ್ಟು ಬಂದ ಮೇಲೆ ತಂದೆ ಸುಮ್ಮನೆ ಮನೆಗೆ ಬರುತ್ತಿರಲಿಲ್ಲ. ಕ್ಷೌರಿಕ ಕೂರುತ್ತಿದ್ದ ಮರದ ಕೆಳಗೆ ತಾನೂ ಒಂದು ಕಲ್ಲಿನ ಮೇಲೆ ಕೂರುತ್ತಿದ್ದ. ಮೊದಲ ಗಿರಾಕಿ ಬಂದು ಮುಖ ಕೊಟ್ಟಾಗ ಅವನು ಕತ್ತಿಯನ್ನು ನೋಡುತ್ತಿರಲಿಲ್ಲ, ಗಿರಾಕಿಯ ಹುಬ್ಬನ್ನು ನೋಡುತ್ತಿದ್ದ. ಹುಬ್ಬು ಗಂಟಾದರೆ ಕತ್ತಿಯನ್ನು ವಾಪಸು ಕಸಿದುಕೊಂಡು ಬರುತ್ತಿದ್ದ. ಗಂಟಾಗದಿದ್ದರೆ ಎದ್ದು ಹೋಗುತ್ತಿದ್ದ. ಮಗನೂ ಪಕ್ಕದಲ್ಲಿ ಕೂತು ಹುಬ್ಬು ನೋಡುವುದನ್ನು ಕಲಿತ. ಕತ್ತಿ ನೋಡುವುದು ಕ್ಷೌರಿಕನ ಪಾಡು, ಹುಬ್ಬು ನೋಡುವುದು ಸಾಣೆಗಾರನ ಪಾಡು ಎಂದು ಅವನ ತಲೆಯಲ್ಲಿ ಕೂತಿತು.

ಸಾಣೆಗಾರರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಸಾಣೆಗೆ ಬಂದ ಕತ್ತಿಯನ್ನು ತಾನು ಬಳಸಬಾರದು. ಹರಿತ ಮಾಡು, ಕೊಡು, ಮರೆತುಬಿಡು. ಅದಕ್ಕೇ ಸಾಣೆಗಾರನ ಮನೆಯಲ್ಲಿ ಅಲಗು ಸಾವಿರ, ಅವನದೆನ್ನುವುದು ಒಂದೂ ಇಲ್ಲ ಎಂದು ಪೇಟೆಯವರು ನಗುತ್ತಿದ್ದರು. ಜೀವಮಾನವಿಡೀ ಕ್ಷೌರದ ಕತ್ತಿ ಹಿಡಿದ ತಂದೆ, ಒಂದು ದಿನವೂ ತನ್ನ ಗಡ್ಡವನ್ನು ತಾನು ಬೋಳಿಸಿಕೊಂಡವನಲ್ಲ. ಮರದ ಕೆಳಗಿನ ಆ ಕ್ಷೌರಿಕನೇ ಬೋಳಿಸಬೇಕು. ಇಬ್ಬರೂ ಒಂದೇ ವಯಸ್ಸಿನವರು. ಕತ್ತಿ ಇವನ ಕೈಗೆ ಬರುತ್ತಿತ್ತು, ಕುತ್ತಿಗೆ ಅವನ ಕೈಗೆ ಹೋಗುತ್ತಿತ್ತು. ಇಬ್ಬರ ನಡುವೆ ಲೆಕ್ಕ ಎನ್ನುವುದು ಹುಟ್ಟಲೇ ಇಲ್ಲ.

ಆ ಕ್ಷೌರಿಕ ಸತ್ತ. ಸಾಯುವ ಮುಂಚೆ ಅವನು ಸಾಣೆಗೆ ಕೊಟ್ಟಿದ್ದ ಕತ್ತಿ ತಂದೆಯ ಹತ್ತಿರವೇ ಉಳಿಯಿತು. ಎಮ್ಮೆ ಕೊಂಬಿನ ಹಿಡಿ, ಮಡಿಸಿದರೆ ಅಲಗು ಅದರೊಳಗೆ ಮಲಗುತ್ತದೆ. ಹಳೆಯ ಕಾಲದ ಉಕ್ಕು. ಕ್ಷೌರಿಕನ ಮಕ್ಕಳು ಆಗಲೇ ಅಂಗಡಿ ಹಾಕಿ, ಒಂದು ಮುಖಕ್ಕೆ ಒಂದು ಬ್ಲೇಡಿನ ಚೂರು ಸಿಕ್ಕಿಸಿ ಎಸೆಯುವ ಕತ್ತಿಗೆ ತಿರುಗಿದ್ದರು. ಅಪ್ಪನ ಕತ್ತಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ತಂದೆ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದ.

ಒಂದು ಬೆಳಿಗ್ಗೆ ಚಕ್ರ ತುಳಿಯುತ್ತಿದ್ದ ತಂದೆ ಹಾಗೇ ಪಕ್ಕಕ್ಕೆ ಉರುಳಿದ. ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಹೋದವು. ಮುಖದ ಎಡ ಅರ್ಧ ಜೋತುಬಿತ್ತು. ಮಾತು ಪೂರ್ತಿ ನಿಂತಿತು. ಬಲಗಡೆ ಇದ್ದವನು ಬದುಕಿದ್ದ, ಎಡಗಡೆ ಇದ್ದವನು ಇರಲಿಲ್ಲ.

ಗಡ್ಡಕ್ಕೆ ಮಾತ್ರ ಇದು ಗೊತ್ತಿಲ್ಲ. ಅದು ಎರಡೂ ಕಡೆ ಬೆಳೆಯಿತು. ಸೊಸೆ ಗಂಜಿ ಕುಡಿಸಿದರೆ ಎಡಗಡೆಯ ಬಾಯಿಂದ ಅರ್ಧ ಸೋರಿ ಗಡ್ಡದಲ್ಲಿ ಇಳಿಯುತ್ತಿತ್ತು. ಎಷ್ಟು ಒರೆಸಿದರೂ ಜಿಗುಟು ಹೋಗದು. ಇರುವೆ ಬಂದವು. ನೊಣ ಬಂದವು. ಬಲಗೈಯಿಂದ ಅವನು ಕೆರೆದುಕೊಂಡು ಕೆರೆದುಕೊಂಡು ಬಲಗೆನ್ನೆ ಕೆಂಪಾಯಿತು. ಎಡಗೆನ್ನೆಯ ಮೇಲೆ ಇರುವೆ ಹರಿದಾಡಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸದಾ ನುಣುಪಾಗಿ ಇದ್ದ ಮುಖ ಅದು. ಈಗ ನೋಡಿದವರು ಬೇರೆ ಕಡೆ ನೋಡುತ್ತಿದ್ದರು.

ಮಗ ಅಂಗಡಿಯ ಕ್ಷೌರಿಕನನ್ನು ಮನೆಗೆ ಕರೆತಂದ. ತಂದೆ ಗೋಡೆಯ ಕಡೆ ಮುಖ ತಿರುಗಿಸಿದ. ತಲೆ ಹಿಡಿದು ಈಚೆಗೆ ತಿರುಗಿಸಲು ಹೋದರೆ ಬಲಗೈಯಿಂದ ತಳ್ಳಿದ. ಒಂದೇ ಕೈಗೆ ಜೀವಮಾನವಿಡೀ ಒಪ್ಪಿಸಿದ ಕುತ್ತಿಗೆ ಅದು, ಬೇರೆ ಕೈಗೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಕ್ಷೌರಿಕ, ಸಮಾಧಾನವಾದ ಮೇಲೆ ಇನ್ನೊಮ್ಮೆ ಕರೆಯಿರಿ ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೋದ.

ಮಾರನೆಯ ದಿನ ತಂದೆಯ ಕಣ್ಣು ಗೋಡೆಯ ಮೊಳೆಯ ಮೇಲೆ ನಿಂತದ್ದನ್ನು ಮಗ ಕಂಡ. ಆಮೇಲೆ ಆ ಕಣ್ಣು ಮಗನ ಕಡೆ ತಿರುಗಿತು. ತಂದೆ ನೋಡಿದ್ದು ಕತ್ತಿಯನ್ನೋ, ಬರೀ ಗೋಡೆಯನ್ನೋ, ಬಲ್ಲವರು ಯಾರು? ಮಗನಿಗೆ ಕತ್ತಿ ಎನಿಸಿತು. ನಮಗೆ ಬೇಕಾದದ್ದು ಇನ್ನೊಬ್ಬರ ಕಣ್ಣಿನಲ್ಲಿ ಕಾಣುವುದು ಹೊಸದೇನಲ್ಲ, ಮರಿದೇವ. ಅವನಿಗೆ ತಂದೆಯ ಮೇಲೆ ಪ್ರೀತಿ ಇತ್ತು. ಅದರಲ್ಲಿ ಸಂಶಯ ಬೇಡ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಇದರ ಸಂಕಟ.

ಅವನು ಕಟ್ಟಳೆ ಮುರಿದು ಕತ್ತಿಯನ್ನು ಕೆಳಗಿಳಿಸಿದ. ತುಕ್ಕು ತೆಗೆದ. ನುಣುಪು ಚಕ್ರಕ್ಕೆ ಹಿಡಿದು, ನೀರು ತೊಟ್ಟಿಕ್ಕಿಸಿ, ತೊಗಲಿನ ಪಟ್ಟಿಯ ಮೇಲೆ ಎಳೆದ. ತಲೆಯ ಒಂದು ಕೂದಲನ್ನು ಕಿತ್ತು ಅಲಗಿಗೆ ತಾಗಿಸಿದರೆ ಕೂದಲು ಎರಡಾಗಿ ಬಿತ್ತು. ಅಷ್ಟಕ್ಕೇ ಅವನು ತಂದೆಯ ಹತ್ತಿರ ಓಡಲಿಲ್ಲ. ಮುಖವನ್ನು ಕೇಳಬೇಕಲ್ಲ. ಮೊದಲು ತನ್ನ ಮುಖವನ್ನು ಕೇಳಿದ.

ಕನ್ನಡಿಯ ಮುಂದೆ ಕೂತು ನೊರೆ ಹಚ್ಚಿಕೊಂಡ. ಜೀವನದಲ್ಲಿ ಮೊದಲ ಸಲ ಕ್ಷೌರದ ಕತ್ತಿಯನ್ನು ತನ್ನ ಮೈಗೆ ಇಟ್ಟುಕೊಂಡ. ಸಾವಿರ ಕತ್ತಿ ಹರಿತ ಮಾಡಿದ ಕೈಗೆ ಈ ಕೆಲಸ ಹೊಸದು. ಹಿಡಿ ಎಲ್ಲಿ ಹಿಡಿಯಬೇಕು, ಬೆರಳು ಎಲ್ಲಿ ಇಡಬೇಕು ಒಂದೂ ತಿಳಿಯದು. ಅಲಗನ್ನು ಎಷ್ಟು ಓರೆ ಮಾಡಬೇಕೆಂಬುದೂ ತಿಳಿಯದು. ಎಳೆದ. ಉರಿಯಿತು. ಗಲ್ಲದ ಹತ್ತಿರ ರಕ್ತ ಜಿನುಗಿತು. ಹುಬ್ಬು ಗಂಟಾದದ್ದು ಕನ್ನಡಿಯಲ್ಲಿ ಕಂಡಿತು. ಕತ್ತಿ ಮೊಂಡು ಎಂದುಕೊಂಡು ಮತ್ತೆ ಚಕ್ರಕ್ಕೆ ಹಿಡಿದ.

ಹೀಗೆ ದಿನಾ ನಡೆಯಿತು. ಉರಿದಾಗ ಕೈ ತಾನಾಗಿ ಹಗುರಾಗುತ್ತಿತ್ತು. ಚರ್ಮ ಸಡಿಲವಾದ ಕಡೆ ನಾಲಿಗೆ ತಾನಾಗಿ ಒಳಗಿನಿಂದ ಕೆನ್ನೆಯನ್ನು ಉಬ್ಬಿಸುತ್ತಿತ್ತು. ಬಾಯಿ ತಾನಾಗಿ ಒಂದು ಕಡೆಗೆ ಸೊಟ್ಟಗಾಗಿ ದವಡೆಯ ಚರ್ಮವನ್ನು ಬಿಗಿ ಮಾಡುತ್ತಿತ್ತು. ಇದನ್ನೆಲ್ಲ ಮಾಡುತ್ತಿದ್ದದ್ದು ಅವನ ಮುಖ. ಮಾಡುತ್ತಿರುವುದು ಕತ್ತಿ ಎಂದು ಅವನು ತಿಳಿದ. ಕೊನೆಗೊಂದು ಬೆಳಿಗ್ಗೆ ಅಲಗು ಕೆನ್ನೆಯ ಮೇಲೆ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಉರಿಯಲಿಲ್ಲ. ಹುಬ್ಬು ಅಲುಗಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು. ತಂದೆ ಎದ್ದು ಕೂತು ಭೇಷ್ ಎಂದಷ್ಟು ಸಂತೋಷವಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಸಾಣೆಯೂ ಗೊತ್ತಿಲ್ಲ, ಕ್ಷೌರವೂ ಗೊತ್ತಿಲ್ಲ. ದಿನಾ ಮೂರು ಹೊತ್ತು ಆ ಮುಖ ಒರೆಸುವವಳು, ಅಷ್ಟೇ.

"ಮಾವನ ಮುಖ ನಿಮ್ಮ ಮುಖದ ಹಂಗಲ್ಲ ಕಣ್ರೀ. ಇನ್ನೊಂದು ಸಲ ಅಂಗಡಿಯೋನನ್ನೇ ಕರೀರಿ."

"ಅಪ್ಪ ಅವನ ಕೈಗೆ ಮುಖ ಕೊಡಲ್ಲ. ನನ್ನ ಕೈಗೆ ಕೊಡ್ತಾನೆ. ಉರಿಯಲ್ಲ ಅಂತ ನನ್ನ ಮುಖವೇ ಹೇಳಿದೆಯಲ್ಲ, ಇನ್ನೇನು ಬೇಕು?"

ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಹಟ ಹಿಡಿದ ಗಂಡಸಿನ ಮುಂದೆ ನಿಂತರೆ ಕೊಡ ತುಂಬುವುದಿಲ್ಲ.

ಅವನು ತಂದೆಯನ್ನು ಎತ್ತಿ ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ. ಬಿಳಿಯ ಟವೆಲ್ ಹೊದಿಸಿದ. ಬಿಸಿನೀರಿನಿಂದ ಗಡ್ಡ ನೆನೆಸಿ ನೊರೆ ಹಚ್ಚಿದ. ಕತ್ತಿ ಬಿಚ್ಚಿದ. ಆ ಕತ್ತಿಯನ್ನು ಕಂಡು ತಂದೆಯ ಬಲಗಣ್ಣು ತೇವವಾಯಿತು. ಈ ಸಲ ಮುಖ ತಿರುಗಿಸಲಿಲ್ಲ. ಗೆಳೆಯನ ಕತ್ತಿ, ಮಗನ ಕೈ. ಅವನು ಕುತ್ತಿಗೆಯನ್ನು ಚೂರು ಎತ್ತಿ ಕೊಟ್ಟ. ಮರಿದೇವ, ಮಾತು ನಿಂತ ಮನುಷ್ಯನ ಹತ್ತಿರ ಕೊಡಲು ಉಳಿದದ್ದು ಅದೊಂದೇ.

ಮಗ ಎಡಗೆನ್ನೆಯಿಂದ ಶುರು ಮಾಡಿದ. ಏಕೆಂದರೆ ಅದು ಅಲುಗುವುದಿಲ್ಲ. ಬಲಗೆನ್ನೆ ಆಗಾಗ ಅದುರುತ್ತಿತ್ತು, ಹೊಸ ಕೈಗೆ ಕಷ್ಟ. ಎಡಗೆನ್ನೆ ಹೇಳಿದ ಹಾಗೆ ಕೇಳುತ್ತಿತ್ತು. ಅವನು ಬಲಗೈಯಲ್ಲಿ ಕತ್ತಿ ಹಿಡಿದ, ಎಡಗೈಯಲ್ಲಿ ನೊರೆಯ ಬಟ್ಟಲು ಹಿಡಿದ. ಕ್ಷೌರ ಬಲ್ಲವರು ಹಾಗೆ ಹಿಡಿಯುವುದಿಲ್ಲ. ಅವರ ಎಡಗೈ ಸದಾ ಮುಖದ ಮೇಲೆ ಇರುತ್ತದೆ. ಬೋಳಿಸುವುದು ಬಲಗೈಯಾದರೆ ಚರ್ಮ ಎಳೆದು ಹಿಡಿದು ಕಾಯುವುದು ಎಡಗೈ. ಮರದ ಕೆಳಗೆ ಅಷ್ಟು ವರ್ಷ ಕೂತಿದ್ದ ಮಗ ಆ ಎಡಗೈಯನ್ನು ನೋಡಿರಲಿಲ್ಲ. ಹುಬ್ಬು ನೋಡುತ್ತಿದ್ದನಲ್ಲ.

ಈಗಲೂ ಹುಬ್ಬನ್ನೇ ನೋಡಿದ. ತಂದೆ ಕಲಿಸಿದ್ದು ಅದನ್ನೇ. ಕತ್ತಿ ಎಳೆದ, ಎಡ ಹುಬ್ಬು ನೋಡಿದ. ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಅಲುಗಲಿಲ್ಲ. ಅವನ ಎದೆ ಹಿಗ್ಗಿತು. ತನ್ನ ಮುಖದ ಮೇಲೆ ಕೂಡ ಇಷ್ಟು ಸಲೀಸಾಗಿ ಹೋಗಿರಲಿಲ್ಲ. ಜೋತುಬಿದ್ದ ಚರ್ಮ ದವಡೆಯ ಹತ್ತಿರ ಮಡಿಕೆಯಾಗಿತ್ತು. ಆ ಮಡಿಕೆಯ ಮೇಲೂ ಅಲಗು ಸಲೀಸಾಗಿ ಹೋಯಿತು. ಅಷ್ಟು ಹರಿತವಾದ ಅಲಗಿಗೆ ಕೂದಲು ಯಾವುದು, ಚರ್ಮ ಯಾವುದು ಎಂಬ ಭೇದ ಇರುವುದಿಲ್ಲ. ಹರಿತದ ಗಾಯ ಕೂಡಲೇ ಬಾಯಿ ಬಿಡುವುದೂ ಇಲ್ಲ, ಸ್ವಲ್ಪ ಹೊತ್ತು ನೊರೆಯ ಕೆಳಗೆ ಸುಮ್ಮನಿರುತ್ತದೆ.

ಆಮೇಲೆ ಅವನು ಬಲಗಡೆಗೆ ಬಂದ. ಅಷ್ಟರಲ್ಲಿ ಬೆಚ್ಚಗಿನದು ಏನೋ ಕತ್ತಿನ ಬುಡಕ್ಕೆ ಇಳಿದು, ನೋವು ತಿಳಿಯುವ ಬಲಗಡೆಗೆ ಹರಿದು ಬಂದದ್ದು ತಂದೆಗೆ ಗೊತ್ತಾಯಿತು. ಅಲಗು ಬಲಗೆನ್ನೆಗೆ ತಾಗಿತೋ ಇಲ್ಲವೋ, ಅವನು ತಲೆ ಹಿಂದಕ್ಕೆ ಎಳೆದುಕೊಂಡ. ಬಲ ಹುಬ್ಬು ಗಂಟಾಯಿತು. ಗಂಟಲಿನಿಂದ ಒಂದು ಸದ್ದು ಹೊರಟಿತು. ಬಲಗೈ ಮೇಲೆದ್ದು ಮಗನ ಮುಂಗೈಯನ್ನು ಹಿಡಿದುಕೊಂಡಿತು.

ಮಗನಿಗೆ ತಿಳಿದದ್ದು ಒಂದೇ. ಹುಬ್ಬು ಗಂಟಾಗಿದೆ.

"ಉರೀತಾ ಅಪ್ಪ? ಒಂದು ಕಡೆ ಬೋಳಿಸೋದರೊಳಗೆ ಅಲಗು ಹೋಯ್ತು ಅನ್ಸುತ್ತೆ. ಹಳೇ ಉಕ್ಕು. ತಾಳು, ಇನ್ನೊಂದು ಸಲ ಹಿಡಿದು ತರ್ತೀನಿ" ಎಂದ.

ತಂದೆಯ ಬೆರಳುಗಳನ್ನು ಮೆಲ್ಲನೆ ಬಿಡಿಸಿ, ಜಗಲಿಗೆ ಹೋಗಿ, ಬೆನ್ನು ತಿರುಗಿಸಿ ಚಕ್ರದ ಮುಂದೆ ಕೂತ. ಬೇರೆ ಯಾರೇ ಆಗಿದ್ದರೂ ಆಗ ತಂದೆಯ ಮುಖವನ್ನು ಒರೆಸಿ ನೋಡುತ್ತಿದ್ದರು. ಸಾಣೆಗಾರನ ಮಗ ಮಾತ್ರ ಕತ್ತಿಯನ್ನು ಇನ್ನಷ್ಟು ಹರಿತ ಮಾಡಲು ಹೋದ.

ಗಿರಾಕಿ ತಂದೆಯೆಂದು ಅವಸರ ಮಾಡಲಿಲ್ಲ. ನೀರು ಬಿಟ್ಟು, ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಚಕ್ರಕ್ಕೆ ಹಿಡಿದ. ಈ ಮುದುಕ ಸುಲಭಕ್ಕೆ ಮೆಚ್ಚುವವನಲ್ಲ ಎಂದು ಒಳಗೊಳಗೇ ನಕ್ಕ. ಒಳಗೆ ತಂದೆ ಬಲಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದ. ಚಕ್ರದ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಹೆಂಡತಿ ನೀರು ತಂದವಳು ನಡುಮನೆಗೆ ಬಂದಳು. ಕೊಡ ಕೈಜಾರಿತು.

ಬಿಳಿಯ ಟವೆಲ್ಲಿನ ಎಡಗಡೆ ಬಿಳಿಯಾಗಿರಲಿಲ್ಲ. ನೊರೆ ಒರೆಸಿ ನೋಡಿದರೆ ಕೆನ್ನೆಯ ಮೇಲೆ ತೆಳುವಾದ ಗೆರೆಗಳು, ಒಂದರ ಕೆಳಗೆ ಒಂದು. ದವಡೆಯ ಮಡಿಕೆಯಲ್ಲಿ ಮಾತ್ರ ಗೆರೆಯಲ್ಲ, ಆಳವಾದ ಸೀಳು. ಮಗ ಕತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ. ಅದರ ಬಾಯಿ ಈಗ ಎಷ್ಟು ಹರಿತವಾಗಿತ್ತೆಂದರೆ ಬೆಳಕೇ ಅದರ ಮೇಲೆ ನಿಲ್ಲುತ್ತಿರಲಿಲ್ಲ.

ಅರಿಸಿನ ಮೆತ್ತಿದರು, ಬಟ್ಟೆ ಒತ್ತಿ ಹಿಡಿದರು. ವೈದ್ಯ ಬಂದು ಹೊಲಿಗೆ ಹಾಕಿದ. ರಕ್ತ ನಿಂತಿತು. ತಂದೆ ಅಂದು ಸಾಯಲಿಲ್ಲ. ಸತ್ತಿದ್ದರೆ ಮಗನಿಗೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತೇನೋ.

ಅಂದಿನಿಂದ ಮಗ ಹತ್ತಿರ ಬಂದರೆ ತಂದೆ ಬಲಗೈ ಎತ್ತಿ ಕೆನ್ನೆ ಮುಚ್ಚಿಕೊಳ್ಳುತ್ತಿದ್ದ. ನೋವು ತಿಳಿಯುವ ಬಲಗೆನ್ನೆಯನ್ನಲ್ಲ. ಕೈಯನ್ನು ಎದೆಯ ಮೇಲಿಂದ ದಾಟಿಸಿ, ಕಷ್ಟಪಟ್ಟು, ಎಡಗೆನ್ನೆಯನ್ನು ಮುಚ್ಚಿಕೊಳ್ಳುತ್ತಿದ್ದ. ಗಂಜಿಯನ್ನು ಸೊಸೆಯ ಕೈಯಿಂದ ಕುಡಿಯುತ್ತಿದ್ದ. ಮಗ ಚಮಚ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ.

ಒಂದು ದಿನ ಮಗ ತಡೆಯಲಾರದೆ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಕೇಳಿದ. "ಅಪ್ಪ, ನಿಂಗೆ ನೋವಾಗಲಿಲ್ಲ ಅಲ್ವಾ? ಆ ಕಡೆ ನಿಂಗೆ ಏನೂ ಗೊತ್ತಾಗಲ್ಲ ಅಲ್ವಾ?"

ಅದು ತಂದೆಯ ಸಮಾಧಾನಕ್ಕೆ ಕೇಳಿದ ಪ್ರಶ್ನೆಯಲ್ಲ, ತನ್ನ ಸಮಾಧಾನಕ್ಕೆ ಕೇಳಿದ್ದು. ತಂದೆ ಅವನನ್ನು ನೋಡಿದ. ಆಮೇಲೆ ಮೆಲ್ಲಗೆ ಗೋಡೆಯ ಕಡೆ ತಿರುಗಿಕೊಂಡ.

ದವಡೆಯ ಗಾಯ ಕೂಡಲಿಲ್ಲ. ಕೀವು ಆಯಿತು, ಜ್ವರ ಬಂತು. ಆ ಕೆನ್ನೆಗೆ ನೋವು ಗೊತ್ತಿಲ್ಲದಿದ್ದರೂ ಸಾವು ಬರಲು ಅದೇ ದಾರಿಯಾಯಿತು. ತಂದೆ ತೀರಿಕೊಂಡ ದಿನ ಅವನ ಮುಖದ ಒಂದು ಕಡೆ ಕುರುಚಲು, ಒಂದು ಕಡೆ ಉದ್ದ ಗಡ್ಡ. ಸ್ನಾನ ಮಾಡಿಸುವ ಮುಂಚೆ ಉಳಿದದ್ದನ್ನು ತೆಗೆಯೋಣ ಎಂದು ಅಂಗಡಿಯ ಕ್ಷೌರಿಕ ಮುಂದೆ ಬಂದ. ಮಗ ಬೇಡ ಎಂದ. ಹಾಗೇ ಹೊತ್ತುಕೊಂಡು ಹೋದರು. ನೋಡಿದ ಪೇಟೆಯವರು ಯಾಕೆ ಹೀಗೆ ಎಂದು ಕೇಳಿದರು.

ಕರ್ಮದ ದಿನ ಮಗ ತಲೆ ಮೀಸೆ ಬೋಳಿಸಿಕೊಳ್ಳಬೇಕು. ಅದೇ ಕ್ಷೌರಿಕ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕತ್ತಿ ಎತ್ತುವ ಮುಂಚೆ ತನ್ನ ಎಡಗೈಯನ್ನು ಅವನ ಕೆನ್ನೆಯ ಮೇಲೆ ಇಟ್ಟ. ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದ. ಆ ಕೈ ಬೆಚ್ಚಗಿತ್ತು. ಮಸಣದಲ್ಲಿಯೂ ಅಳದ ಮಗ ಆಗ ಬಿಕ್ಕಿ ಬಿಕ್ಕಿ ಅತ್ತ. ಕ್ಷೌರಿಕ ಹೆದರಿ ಕತ್ತಿಯನ್ನು ಹಿಂದಕ್ಕೆ ತೆಗೆದು, ಉರಿಯಿತೇ ಎಂದು ಕೇಳಿದ. ಅವನು ಕತ್ತಿಯನ್ನು ಇನ್ನೂ ಇಟ್ಟೇ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಊಟದ ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು.

ಮರಿದೇವನಿಗೆ ಕತೆ ನಾಟಿತ್ತು, ಆದರೆ ಸಾಣೆಗಾರನ ಮೇಲೆ ಸಿಟ್ಟೂ ಬಂದಿತ್ತು. ಬೇರೆಯವರ ತಪ್ಪು ಅವನಿಗೆ ಬೇಗ ಕಾಣುತ್ತಿತ್ತಲ್ಲ.

"ಎಂಥ ದಡ್ಡ ಬುದ್ಧಿ ಅವನು. ಸತ್ತ ಕೆನ್ನೆ ನೋವು ಹೇಳೋದಿಲ್ಲ ಅನ್ನೋದು ಅಷ್ಟೂ ಗೊತ್ತಾಗಬಾರದಾ? ಅದು ಸುಮ್ಮನಿತ್ತು ಅಂತ ಇವನು ಕತ್ತಿ ಆಡಿಸ್ತಾ ಹೋಗೋದಾ?"

ಗುರುಗಳು ಎದ್ದು ನಿಂತರು. ಪಂಕ್ತಿಯ ಕೊನೆಯಲ್ಲಿ ಯಾರೂ ಕೂರದ ಒಂದು ಎಲೆಗೆ ಯಾರೋ ಅನ್ನ ಬಡಿಸುತ್ತಿದ್ದರು. ಅವರು ಅದನ್ನು ನೋಡಿ, ಆಮೇಲೆ ಮರಿದೇವನನ್ನು ನೋಡಿ ಹೇಳಿದರು.

"ತೋಟಪ್ಪ ಏನೂ ಅನ್ನಲಿಲ್ಲ ಅಂದೆಯಲ್ಲ, ನೀನು ಕತ್ತಿ ಇಟ್ಟದ್ದು ಅವನ ಯಾವ ಕೆನ್ನೆಗೆ?"